ವಿಲಾಯತಿ ಮುದುಕನ ಹಾಡಿಗೆ ದಾಂಡೇಲಿ ದನಿ

ಮಂದಿಯ ಮನೆ ಬಾಗಿಲಿಗೆ ಬೀಗರು ಬರ್ತಾರ, ಬೇಡೋರು ಬರ್ತಾರ. ನನ್ನ ಬಾಗಿಲಿಗೆ ಮಾತ್ರ ನಗೆಯ ಪ್ರಸಂಗಗಳೇ ವಿಳಾಸ ಕೇಳಿಕೊಂಡು ಬರ್ತಾವ. ನಾನು ಕರೆದಿರೋದಿಲ್ಲ, ಹೋಗು ಅಂದರೂ ಹೋಗೋದಿಲ್ಲ. ಕಾಳಿ ಹೊಳೆಯಾಗ ಬಂಡೆಗಲ್ಲು ಅಂತ ತಿಳಿದು ಮೊಸಳೆಯ ಬೆನ್ನ ಮೇಲೆ ಕೂತು ಎರಡು ಬೀಡಿ ಸೇದಿದವನು ನಾನು. ಅದನ್ನ ಹೇಳಿದರೆ ನೀವು ಸುಳ್ಳು ಅಂತೀರಿ. ಅದಕ್ಕ ಇಲ್ಲಿ ಬರೇ ಖರೇ ಮಾತಷ್ಟೇ ಹೇಳತೇನಿ.

೧. ಟ್ರಂಕಿನಾಗಿನ ಹೊಳಿ

ಹೊಸ ಪೈಸಾ ಬಂದು ನಾಕೈದು ವರ್ಷ ಆಗಿರಬೇಕು. ನಾನು ಮುಂಡಗೋಡ ತಾಲೂಕಿನ ಇಂದೂರದವನು. ದಾಂಡೇಲಿಯಾಗ ಕಾಗದದ ಮಿಲ್ಲು ಸುರುವಾಗೈತಿ ಅಂತ ಕೇಳಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಹೋಗಿ ಸೇರಿದವನು. ಸಾಲಿಯ ಕಟ್ಟೆ ಹತ್ತಿದವನಲ್ಲ. ಆದರೆ ದೇವರು ಬೇರೆಯವರಿಗೆ ತಲೆಯಾಗ ಹಾಕೋದನ್ನೆಲ್ಲ ನನಗೆ ಗಂಟಲದಾಗ ಹಾಕಿ ಕಳಿಸಿದ್ದ. ಜೋಯಿಡಾ ಕಾಡಿನಿಂದ ಬಿದಿರಿನ ಲಾರಿ ಬಂದಾಗ ನಾನು ಗೇಟಿನಾಗ ನಿಂತು ‘ಹಿಂದಕ್ಕ ಹೊಡಿಯೋ’ ಅಂದರೆ, ಹಳಿಯಾಳದ ದಾರಿಯಾಗ ಹೊಂಟಿದ್ದ ಚಕ್ಕಡಿಯ ಎತ್ತು ಹಿಂದಕ್ಕ ಸರೀತಿದ್ದವು.

ಆಗ ಇನ್ನೊಂದು ಹೊಸ ಮಷಿನ್ನು ಕೂಡಿಸಾಕ ಅಂತ ವಿಲಾಯತಿಯಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದಿದ್ದರು. ಅವರ ಹೆಂಡತಿಯನ್ನ ನಾವು ಮೇಮ್‌ಸಾಬರು ಅಂತಿದ್ದೆವು. ಬಿದಿರಿನಷ್ಟು ಎತ್ತರ, ಬಿದಿರಿನಷ್ಟೇ ಸಪೂರ. ಒಂದು ಸಂಜೆ ಮಿಲ್ಲಿನ ಕೂಲಿಗಾರರ ಮನಿಸಾಲು, ನಮ್ಮ ಚಾಳಿನ ಮಾರುತಿ ಗುಡಿಯಾಗ ಭಜನಿ ನಡೆದಿತ್ತು. ನೋಡತೇನಿ, ಮೇಮ್‌ಸಾಬರು ಬೂಟು ಬಿಚ್ಚಿ ಕೈಯಾಗ ಹಿಡಕೊಂಡು ಹೊರಗ ನಿಂತಾರ. ಮಂಗಳಾರತಿ ಆಗೋತನಕ ಕದಲಲಿಲ್ಲ.

ಮರುದಿನ ಕನ್ನಡ ಸಾಲಿ ಮಾಸ್ತರರನ್ನ ಕರಕೊಂಡು ಬಂದರು. ಮೇಮ್‌ಸಾಬರು ಹೇಳಿದ್ದನ್ನ ಮಾಸ್ತರು ನಮಗೆ ತಿಳಿಸಿ ಹೇಳಿದರು:

“ಇವರ ತಂದಿ ಒಂದು ದೊಡ್ಡ ಹಾಡು ಕಟ್ಯಾರ. ಎಪ್ಪತ್ತು ಪುಟ. ಒಂದು ಹೊಳಿ ಗುಡ್ಡದಾಗ ಹುಟ್ಟಿ ಸಮುದ್ರ ಸೇರೂತನಕ. ನಲವತ್ತು ಮಂದಿ ಕೂಡಿ ಹಾಡಬೇಕು. ಅದನ್ನ ಅವರೂರಾಗ ಒಂದ ಸಲ ಹಾಡಿದ್ರು. ಅವತ್ತ ಜಡಿಮಳಿ, ಕೇಳಾಕ ಬಂದವ್ರು ಹನ್ನೊಂದ ಮಂದಿ. ಮುಂದ ಯುದ್ಧ ಹತ್ತಿ ಹಾಡಿದ ಗಂಡಸರು ಹೋದ್ರು, ತಿರುಗಿ ಬಂದವ್ರು ಕಡಿಮಿ. ಆ ಕಾಗದ ಟ್ರಂಕಿನಾಗ ಬಿದ್ದು ಐವತ್ತು ವರ್ಷ ಆತು. ಈಗ ಮುದುಕರಿಗೆ ಎಂಬತ್ತೆಂಟು. ಕಣ್ಣು ಹೋಗ್ಯಾವ. ಆರು ತಿಂಗಳಿಂದ ಹಾಸಿಗಿ ಬಿಟ್ಟು ಎದ್ದಿಲ್ಲ, ಮಾತಾಡೂದಿಲ್ಲ, ಊಟ ಸೇರೂದಿಲ್ಲ. ಕಡೀಕ ಮಾತಾಡಿದ್ದು ಅಂದ್ರ, ಆ ಹಾಡು ಒಮ್ಮೆ ಕಿವಿ ಮ್ಯಾಲ ಬಿದ್ರ ಸಾಕು ಅಂದಿದ್ರಂತ.”

“ಅವರ ದೇಶದಾಗ ಹಾಡಾವ್ರು ಇಲ್ಲೇನ್ರಿ?” ಅಂದೆ ನಾನು.

“ಕೇಳ್ಯಾರ. ಹಳೇ ಕಾಲದ್ದು, ಯಾರು ಹಾಡ್ತಾರ ಅಂದ್ರಂತ. ಇಲ್ಲಿ ಸಾಹೇಬರ ಕಡೆ ದನಿ ಹಿಡಿಯೂ ಟೇಪಿನ ಪೆಟ್ಟಿಗಿ ಐತಿ. ನೀವು ಹಾಡಿದ್ರ ಅದರಾಗ ಹಿಡದು ಕಳಸ್ತಾರ. ಅಲ್ಲೆ ಇವರ ತಂಗಿ ಮುದುಕರ ಸೇವಾ ಮಾಡ್ತಾಳ, ಆಕಿ ಕೇಳಸ್ತಾಳ.”

ನಮ್ಮ ಭಜನಿ ಮೇಳ ನಡಸೋ ಬುವಾ ಬೆಳಗಾವಿ ಕಡೆಯವರು. ದೊಡ್ಡ ರುಮಾಲು, ಸಣ್ಣ ಮನುಷ್ಯಾ. ಅವರು ಒಂದೇ ಪ್ರಶ್ನೆ ಕೇಳಿದರು: “ಹಾಡು ಯಾವ ದೇವರ ಮ್ಯಾಲಿಂದ್ರಿ?”

“ದೇವರ ಮ್ಯಾಲಿಂದಲ್ಲ, ಹೊಳಿ ಮ್ಯಾಲಿಂದು.”

“ಹಂಗಾದ್ರ ಹಾಡೂಣು. ಹೊಳಿ ಎಲ್ಲಾರದೂ ಹೌದು,” ಅಂದುಬಿಟ್ಟರು ಬುವಾ.

ಆಮೇಲೆ ಮೇಮ್‌ಸಾಬರು ಒಬ್ಬೊಬ್ಬರ ದನಿ ಪರೀಕ್ಷೆ ಮಾಡಿದರು. ಎರಡು ಹಲ್ಲಿನ ಒಂದು ಉಕ್ಕಿನ ಚಿಮಟಾ ಟೇಬಲ್ಲಿಗೆ ಬಡಿದು ಕಿವಿಯ ಹತ್ರ ಹಿಡೀತಿದ್ದರು. ಅದು ‘ಞೀಂ’ ಅಂತಿತ್ತು, ಅದರಂಗ ನಾವು ಅನಬೇಕು. ನನ್ನ ಪಾಳಿ ಬಂತು. ನಾನು ಎದೆ ತುಂಬ ಉಸಿರು ಎಳಕೊಂಡು ಒಂದು ದನಿ ಬಿಟ್ಟೆ. ಮೇಮ್‌ಸಾಬರು ಕಣ್ಣು ಮುಚ್ಚಿದರು. ಚಿಮಟಾ ಕೈಯಿಂದ ಬಿತ್ತು. ಮಾಸ್ತರರ ಕಿವಿಯಾಗ ಏನೋ ಹೇಳಿದರು.

“ಏನಂದ್ರು?” ಅಂತ ಕೇಳಿದೆ.

ಮಾಸ್ತರು ಗಂಟಲು ಸರಿಮಾಡಿಕೊಂಡರು. “ದಪ್ಪ ದನಿಯ ಗುಂಪಿನಾಗ ನಿಲ್ಲು ಅಂದ್ರು. ಕಡೀ ಸಾಲಿನಾಗ. ಆದಷ್ಟು ಹಿಂದ.”

ನಾನು ಮನಿಗೆ ಹೋಗಿ ಹೆಂಡತಿಗೆ ಹೇಳಿದೆ, “ನೋಡು, ಮನೆಗೆ ಪಾಯಾ ಎಲ್ಲಿ ಹಾಕ್ತಾರ? ಎಲ್ಲಾರ ಕಣ್ಣಿಗೆ ಬೀಳದಂಗ ಕೆಳಗ ಹಾಕ್ತಾರಿಲ್ಲೋ?”

ಆಕಿ ಅಂದಳು: “ಹೌದ್ರಿ, ಮಣ್ಣಾಗ ಮುಚ್ಚಿ ಹಾಕ್ತಾರ.”

೨. ಒಬ್ಬರ ಬಾಯಾಗ ಒಬ್ಬರು

ಇಂಗ್ಲಿಷ್ ಮಾತನ್ನೆಲ್ಲ ಮಾಸ್ತರು ಕನ್ನಡ ಅಕ್ಷರದಾಗ ಬರೆದುಕೊಟ್ಟರು. ಓದಾಕ ಬರೋರು ಓದಿದರು. ನನಗೆ ಕಿವಿಯೇ ಪುಸ್ತಕ. ಒಂದು ಸಲ ಕೇಳಿದರೆ ಸಾಕು, ಅಷ್ಟೂ ಪುಟ ಬಾಯಿಪಾಠ. ಅರ್ಥ ಮಾತ್ರ ಕೇಳಬ್ಯಾಡ್ರಿ.

ತೊಂದರೆ ಬಂದದ್ದು ಬೇರೆ ಕಡೆ. ಮೇಮ್‌ಸಾಬರು ನಮ್ಮನ್ನ ನಾಕು ಗುಂಪು ಮಾಡಿದ್ದರು. ಹೆಣ್ಣುಮಕ್ಕಳದು ಎರಡು, ಗಂಡಸರದು ಎರಡು. ಒಂದು ಗುಂಪು ಹಾಡ್ತಾ ಇರೋವಾಗಲೇ ಇನ್ನೊಂದು ಗುಂಪು ಬೇರೆ ಸಾಲು ಹಿಡೀಬೇಕು, ಅದರ ಮೇಲೆ ಮೂರನೇದು, ಅದರ ಮೇಲೆ ನಾಕನೇದು. ನಾಕು ಹಳ್ಳ ಕೂಡಿ ಹೊಳಿ ಆಗತೈತಿ ಅನ್ನೋದು ಅದರ ತಿರುಳು.

ಮೊದಲನೇ ಗುಂಪು ಸುರು ಮಾಡಿತು. ಮೇಮ್‌ಸಾಬರು ಎರಡನೇ ಗುಂಪಿನ ಕಡೆ ಕೋಲು ತೋರಿಸಿದರು. ಎರಡನೇ ಗುಂಪಿನಾಗಿದ್ದ ಬುವಾ ಕೈ ಮುಗಿದು ಸುಮ್ಮನೆ ನಿಂತರು. ಮತ್ತೆ ತೋರಿಸಿದರು. ಬುವಾ ಮತ್ತೆ ಕೈ ಮುಗಿದರು. ಮೊದಲಿನವರು ಪೂರ್ತಿ ಮುಗಿಸಿದ ಮೇಲೆ ಬುವಾ “ಹಾಂ, ಈಗ ನಾವು” ಅಂತ ಎತ್ತಿಕೊಂಡರು. ಅವರದು ಮುಗಿಯೋತನಕ ನಾವು ಕೈ ಕಟ್ಟಿ ನಿಂತೆವು. ಹಿಂಗಾಗಿ ಹೊಳಿ ಗುಡ್ಡ ಇಳಿಯೋದರಾಗ ಮಿಲ್ಲಿನ ಭೋಂಗಾ ಕೂಗಿ ಮುಂದಿನ ಪಾಳಿಗೆ ಹೋಗೋ ಹೊತ್ತಾಯಿತು.

ಮಾಸ್ತರು ಕೇಳಿದರು, “ಯಾಕ್ರಿ ಬುವಾ, ನಡುವ ಹಾಡ್ರಿ ಅಂದ್ರ ಯಾಕ ಹಾಡವೊಲ್ರಿ?”

“ಅಲ್ರಿ ಮಾಸ್ತರ, ಹದಿನೆಂಟು ವರ್ಷ ಭಜನಿ ಮಾಡೇನಿ. ಒಬ್ಬರು ಹಾಡಾಕತ್ತಾಗ ನಡುವ ಬಾಯಿ ಹಾಕಿದವನ್ನ ಗುಡಿಯಿಂದ ಎಬ್ಬಿಸಿ ಕಳಿಸೇನಿ. ಈಗ ನಾನ ಆ ಕೆಲಸ ಮಾಡ್ಲೇನು?”

ನಾಕು ದಿನ ಹೇಳಿದರೂ ಬುವಾ ಒಪ್ಪಲಿಲ್ಲ. ಮೇಮ್‌ಸಾಬರು ಸಿಟ್ಟಾಗೋ ಹೆಂಗಸಲ್ಲ. ಸಂತೆಯ ದಿನ ನಮ್ಮನ್ನೆಲ್ಲ ದಾಂಡೇಲಿ ಸಂತೆಗೆ ಕರಕೊಂಡು ಹೋಗಿ ನಡುಮಧ್ಯೆ ನಿಲ್ಲಿಸಿ “ಕೇಳ್ರಿ” ಅಂದರು. ಒಂದು ಕಡೆ ಹಳಿಯಾಳದವ ಉಳ್ಳಾಗಡ್ಡಿ ಅಂತ ಒದರತಾನ. ಅವನ ಎದುರಿಗೆ ಮೆಣಸಿನಕಾಯಿಯವ. ಆ ಬಾಜೂಕ ಜೋಯಿಡಾದ ಕೊಂಕಣಿ ಬಾಯಿ ಗೆಣಸು ಗುಡ್ಡೆ ಹಾಕಿ ತನ್ನ ಮಾತಿನಾಗ ಕರೀತಾಳ. ಬಳೆಗಾರ ಬೇರೆ. ಒಬ್ಬರ ದನಿ ಇನ್ನೊಬ್ಬರ ದನಿಯ ಮೇಲೆ, ಆದರೆ ಒಬ್ಬರೂ ತಮ್ಮ ಸಾಲು ತಪ್ಪೋದಿಲ್ಲ, ಒಬ್ಬರಿಗೂ ಬ್ಯಾಸರಿಲ್ಲ.

ಬುವಾ ತಲೆ ಮೇಲೆ ಕೈ ಹೊತ್ತುಕೊಂಡರು. “ಅಯ್ಯ, ಇದು ಸಂತಿ ಅಂತ ಮೊದಲ ಹೇಳಬಾರದೇನ್ರಿ!”

ಅವತ್ತಿನಿಂದ ನಾಕೂ ಗುಂಪು ಕೂಡಿಯೇ ಹಾಡಿದೆವು. ಅದು ಎಷ್ಟು ಸರಿ ಬಂತು ಅಂದರೆ, ಎಂಟು ದಿನಕ್ಕ ಹಾದಿ ಮೇಲೆ ಹೊಂಟಿದ್ದ ಒಬ್ಬ ಹೆಣ್ಣುಮಗಳು ಕೈಚೀಲ ಹಿಡಕೊಂಡು ನಾವು ತಾಲೀಮು ಮಾಡೋ ತಗಡಿನ ಶೆಡ್ಡಿನೊಳಗ ಬಂದು ಕೇಳಿದಳು: “ಬದನಿಕಾಯಿಯವ್ರು ಎಲ್ಲಿ ಕುಂತಾರ್ರಿ?”

೩. ಬೀಸೂಕಲ್ಲಿನ ಮೇಳ

ಹೆಣ್ಣುಮಕ್ಕಳದು ಇನ್ನೊಂದು ಕಥಿ, ಅದು ಸಂತಿಗಿಂತ ಮೊದಲಿಂದು. ಚಾಳಿನಾಗ ಸನವಳ್ಳಿ, ಚಿಗಳ್ಳಿ ಕಡೆಯ ಹೆಣ್ಣುಮಕ್ಕಳು ಬೆಳಗಾಮುಂಜಾನೆ ಜ್ವಾಳ ಬೀಸುವಾಗ ಹಾಡಿದರೆ ಮಲಗಿದ ಹಕ್ಕಿ ಎದ್ದು ಕೂಡತಿದ್ದವು. ಅದನ್ನ ಕೇಳಿಯೇ ಮೇಮ್‌ಸಾಬರು ಅವರನ್ನ ಆರಿಸಿದ್ದು. ಆದರೆ ಶೆಡ್ಡಿಗೆ ಕರಕೊಂಡು ಬಂದು ಸಾಲಾಗಿ ನಿಲ್ಲಿಸಿ “ಹಾಡ್ರಿ” ಅಂದರೆ, ಹದಿನೆಂಟೂ ಮಂದಿ ಸೆರಗು ಬಾಯಿಗೆ ಹಿಡಕೊಂಡು ನಕ್ಕರು. ಇನ್ನೊಮ್ಮೆ ಅಂದರೆ ಇನ್ನೊಮ್ಮೆ ನಕ್ಕರು. ದನಿ ಮಾತ್ರ ಇಲ್ಲ.

ಮೇಮ್‌ಸಾಬರು ನನ್ನ ಹೆಂಡತಿಯನ್ನ ಕೇಳಿದರು. ನನ್ನ ಹೆಂಡತಿ ಯಾರಿಗೂ ಅಂಜಾಕಿಯಲ್ಲ. ನನಗಂತೂ ಅಂಜಿದ್ದೇ ಇಲ್ಲ.

“ಮೇಮ್‌ಸಾಬರ, ಕೈ ಖಾಲಿ ಬಿಟ್ಟು ನಿಂತು ಹಾಡೂದು ಅಂದ್ರ ಏನು? ನಮಗೇನು ಕೆಲಸಿಲ್ಲೇನು? ಬೀಸೂಕಲ್ಲಿನ ಗೂಟ ಕೈಯಾಗ ಬಂದ್ರ ದನಿ ತಾನ ಬರತೈತಿ.”

ಮರುದಿನ ಶೆಡ್ಡಿಗೆ ಒಂಬತ್ತು ಬೀಸೂಕಲ್ಲು ಬಂದವು. ಒಂದಕ್ಕ ಇಬ್ಬರಂತೆ ಎದುರುಬದುರು ಕೂತರು. ಬರೇ ಕಲ್ಲು ತಿರುವಬಾರದು, ಅದು ಮನಿಗೆ ಒಳ್ಳೇದಲ್ಲ. ಹಂಗಾಗಿ ಎಲ್ಲಾರೂ ತಮ್ಮ ತಮ್ಮ ಮನಿಯ ಜ್ವಾಳ ತಂದು ಕಲ್ಲಿನ ಬಾಯಿಗೆ ಹಾಕಿದರು. ಕಲ್ಲು ಗರ್ ಅಂತು, ಅದರ ಮೇಲೆ ದನಿ ಎದ್ದಿತು ನೋಡ್ರಿ! ಗುಡ್ಡದ ಮೇಲೆ ಮೊದಲ ನೀರು ಹುಟ್ಟಿದಂಗ. ನಾನು ಗಂಡಸು, ಎಂದೂ ಅತ್ತವನಲ್ಲ. ಅವತ್ತು ಹಿಟ್ಟು ಕಣ್ಣಿಗೆ ಹಾರಿತ್ತು. ಮೇಮ್‌ಸಾಬರ ಕಣ್ಣಿಗೂ ಹಾರಿತ್ತು.

ಅಷ್ಟಕ್ಕ ಬಿಡಲಿಲ್ಲ ಆ ತಾಯಿ. ನನ್ನ ಹೆಂಡತಿಯ ಎದುರಿಗೆ ಕೂತು ತಾವೂ ಗೂಟ ಹಿಡಿದರು. ಅಂಗೈಯಾಗ ಗುಳ್ಳೆ ಎದ್ದವು. “ಸಾಕು ಬಿಡ್ರಿ” ಅಂದರೂ ಬಿಡಲಿಲ್ಲ. ಹಾಡು ಎಲ್ಲಿ ಭಾರ ಆಗತೈತಿ, ಎಲ್ಲಿ ಹಗುರ ಆಗತೈತಿ ಅಂತ ಕಲ್ಲಿನಿಂದಲೇ ತಿಳಕೊಂಡರು.

ಎರಡು ತಿಂಗಳು ತಾಲೀಮು ನಡೆಯಿತು. ಚಾಳಿನಾಗ ಯಾರೂ ಹಿಟ್ಟಿನ ಗಿರಣಿಗೆ ಜ್ವಾಳ ಒಯ್ಯಲಿಲ್ಲ. ಒಂದು ಸಂಜೆ ಗಿರಣಿಯ ಮಾಲಕ ಮೈತುಂಬ ಹಿಟ್ಟು ಬಳಕೊಂಡೇ ಶೆಡ್ಡಿನ ಬಾಗಿಲಾಗ ಬಂದು ನಿಂತ.

“ಯಾರ್ರೀ ಇಲ್ಲಿ ದೊಡ್ಡವ್ರು? ನಿಮ್ಮ ಹಾಡಿನ ಹೊಳ್ಯಾಗ ನನ್ನ ಗಿರಣಿ ತೇಲಿ ಹೋತು! ಗಿರಣಿಯ ಪಟ್ಟಾ ತಿರುಗದ ಎಂಟು ದಿನ ಆತು!”

ಜೀವನಪೂರ್ತಿ ಗಿರಣಿಯ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. ಶೆಡ್ಡಿನ ತಗಡು ನಡುಗಿತು. ಮೇಮ್‌ಸಾಬರು ಎದ್ದು ಬಂದು ಎರಡೂ ಕೈಯಿಂದ ಅವನ ಕೈ ಹಿಡಕೊಂಡರು. ಎರಡು ತಿಂಗಳಿಂದ ಇಂಥಾ ದನಿ ಹುಡುಕಾಕತ್ತೇನಿ ಅಂತ ಮಾಸ್ತರರ ಬಾಯಿಂದ ಹೇಳಿಸಿದರು.

ಅವತ್ತಿನಿಂದ ಗಿರಣಿ ಸಂಜೀಮುಂದ ಖರೇನೇ ಬಂದ್ ಆತು. ಮಾಲಕ ನನ್ನ ಬಾಜೂಕ ನಿಂತು ಹಾಡತಿದ್ದ.

೪. ಎರಡೂ ಕೈ ಮೇಲೆ

ಗೇಟಿನ ಕೆಲಸ ಬಿಟ್ಟು ಮಷಿನ್ನಿನ ಮನಿ ಸೇರಿದ ನನ್ನಂಥವರಿಗೆ ಒಂದು ಗೊತ್ತು. ಅಲ್ಲಿ ಬಾಯಿ ಉಪಯೋಗಕ್ಕ ಬರೋದಿಲ್ಲ. ಅಷ್ಟು ಸದ್ದು. ಎಲ್ಲ ಕೈಸನ್ನೆ. ಅಂಗೈ ಕೆಳಗ ಒತ್ತಿದರೆ ನೀರು ಕಡಿಮಿ ಮಾಡು. ತಲೆ ಮೇಲೆ ಕೈ ಇಟ್ಟರೆ ಫೋರ್ಮನ್ ಬಂದ. ಎರಡೂ ಕೈ ಮೇಲೆತ್ತಿ ಬೀಸಿದರೆ ಮಷಿನ್ನಿನ ಮೇಲೆ ಕಾಗದ ಹರೀತು, ಇದ್ದಲ್ಲಿಂದ ಅದರ ಕಡೆ ಓಡು ಅಂತ ಅರ್ಥ. ಇದು ಕೈಗೂ ಕಾಲಿಗೂ ಎಷ್ಟು ರೂಢಿ ಆಗಿರತೈತಿ ಅಂದರೆ, ಮನಿಯಾಗ ಹೆಂಡತಿ ಸೊಳ್ಳೆ ಹೊಡಿಯಾಕ ಎರಡು ಕೈ ಎತ್ತಿದರೂ ನಾವು ಎದ್ದು ನಿಲ್ಲತಿದ್ದೆವು.

ಮೇಮ್‌ಸಾಬರಿಗೆ ಇದು ಗೊತ್ತಿಲ್ಲ. ಹಾಡು ಮೆತ್ತಗಾಗಲಿ ಅಂತ ಅವರು ಅಂಗೈ ಕೆಳಗ ಒತ್ತಿದರು. ನಮ್ಮವನೊಬ್ಬ ಹಾಡುತ್ತಲೇ ಹೊರಗ ಹೋಗಿ ನಳ ಬಂದ್ ಮಾಡಿ ಬಂದು ನಿಂತ. ಅವರು ಮತ್ತೆ ಒತ್ತಿದರು. ಅವ ಮತ್ತೆ ಹೋಗಿ ನಳ ಇನ್ನೂ ಬಿಗಿ ಮಾಡಿ ಬಂದ.

ಹಂಗ ನಡೆದು ನಡೆದು ಹೊಳಿ ತುಂಬಿ ಬರೋ ಜಾಗಕ್ಕ ಬಂದೆವು. ನಲವತ್ತು ಮಂದಿ ಪೂರಾ ದನಿ ಬಿಡಬೇಕು. ಮೇಮ್‌ಸಾಬರು ಮೈ ಮರೆತರು, ಎರಡೂ ಕೈ ಆಕಾಶಕ್ಕೆತ್ತಿ ಬೀಸಿದರು.

ಕಾಗದ ಹರೀತು!

ಗಂಡಸರು ಇಪ್ಪತ್ತೆರಡು ಮಂದಿ ಒಂದೇ ಉಸಿರಿಗೆ ಶೆಡ್ಡಿನಿಂದ ಹೊರಗ. ಚಪ್ಪಲಿಲ್ಲ, ಟೊಪ್ಪಿಗಿಲ್ಲ. ಎಲ್ಲಾರಕ್ಕಿಂತ ಮುಂದ ನಾನು. ಗಿರಣಿಯ ಮಾಲಕನಿಗೂ ಮಿಲ್ಲಿಗೂ ಸಂಬಂಧ ಇಲ್ಲ, ಆದರೂ ಅವನೂ ಓಡಿದ. ಗೇಟಿನ ವಾಚಮನ್ ಬೆಂಕಿ ಹತ್ತೇತಿ ಅಂತ ತಿಳಿದು ಸೀಟಿ ಊದಿದ. ನಾವು ಮಷಿನ್ನಿನ ಮುಂದ ಹೋಗಿ ನಿಂತರೆ, ಕಾಗದ ನೆಟ್ಟಗ ಸುಖವಾಗಿ ಸುತ್ತಿಕೊಂತ ನಡೆದೈತಿ.

ಫೋರ್ಮನ್ ಬಂದ. “ನಿಮ್ಮ ಪಾಳಿ ಮುಗದೈತಿ. ಇಲ್ಲೇನು ಕೆಲಸ ನಿಮ್ಮದು?”

“ಕಾಗದ ಹರೀತಂತಲ್ರಿ.”

“ಯಾರು ಹೇಳಿದ್ರು?”

“ಮೇಮ್‌ಸಾಬರು.”

ಅವನು ನಗಾಕ ಬಾಯಿ ತೆಗೆದ. ನನ್ನ ಅವ್ವನ ಆಣಿಗೂ ಹೇಳತೇನಿ, ಅವನ ಬಾಯಿ ಮುಚ್ಚೋದರೊಳಗ ಮಷಿನ್ನಿನ ಮೇಲೆ ಕಾಗದ ಚರ್ ಅಂತ ಈ ತುದಿಯಿಂದ ಆ ತುದಿಗೆ ಹರೀತು. ನಾವು ಇಪ್ಪತ್ತೆರಡು ಮಂದಿ ಸಜ್ಜಾಗಿ ನಿಂತೇ ಇದ್ದೆವು. ಬೀಡಿ ಹಚ್ಚೋದರೊಳಗ ಜೋಡಿಸಿ ಬಿಟ್ಟೆವು.

ಶೆಡ್ಡಿಗೆ ತಿರುಗಿ ಬಂದರೆ ಮೇಮ್‌ಸಾಬರು ಕೈ ಮೇಲೆತ್ತಿದ್ದವರು ಹಂಗೇ ನಿಂತಿದ್ದರು. ಮಾಸ್ತರು ವಿಷಯ ತಿಳಿಸಿದಾಗ ಹೊಟ್ಟಿ ಹಿಡಕೊಂಡು ನಕ್ಕರು. ಆಮೇಲೆ ನಮ್ಮ ಸನ್ನೆಯನ್ನೆಲ್ಲ ಒಂದೊಂದಾಗಿ ಕಲಿತು, ಅದರಲ್ಲೇ ಹಾಡಿಸಿದರು. ಫೋರ್ಮನ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಹಾದಿಯಾಗ ಮೇಮ್‌ಸಾಬರು ಎದುರಾಗಿ ನಮಸ್ಕಾರಕ್ಕ ಕೈ ಎತ್ತಿದರೆ ಸಾಕು, ಅವನು ತಿರುಗಿ ಮಿಲ್ಲಿನ ಕಡೆ ಓಡತಿದ್ದ.

೫. ಮೂರು ಪಾಳಿಯ ತಂಬೂರಿ

ದನಿ ಹಿಡಿಯೋ ದಿನ ಬಂತು. ಸಾಹೇಬರು ಟೇಪಿನ ಪೆಟ್ಟಿಗಿ ತಂದಿಟ್ಟರು. ಟ್ರಂಕಿನಷ್ಟು ದೊಡ್ಡದು, ಮೇಲೆ ಎರಡು ಚಕ್ರ. ಸದ್ದು ಇರಬಾರದು ಅಂತ ಮಷಿನ್ನು ತೊಳಿಯೋ ದಿನವನ್ನೇ ಆರಿಸಿದ್ದರು. ಅವತ್ತು ಇಡೀ ದಾಂಡೇಲಿ ನಿಶ್ಶಬ್ದ. ಕಾಳಿ ಹೊಳೆಯಾಗ ಮೀನು ಹೊರಳಿದ್ದು ಕೇಳತಿತ್ತು.

ಮೇಮ್‌ಸಾಬರು ಕೈ ಎತ್ತಿದರು. ನಾವು ಹಾಡಿದೆವು. ಏನಾಯಿತೋ ಯಾರಿಗೂ ತಿಳೀಲಿಲ್ಲ. ಒಬ್ಬನ ದನಿ ಗುಡ್ಡದ ಮೇಲೆ, ಒಬ್ಬನದು ತಗ್ಗಿನಾಗ. ಚಿಮಟಾ ಬಡಿದರು, ಭಜನಿಯ ಹಾರ್ಮೋನಿಯಂ ಒತ್ತಿದರು. ದನಿ ಕೂಡವೊಲ್ಲದು. ಮುಂಜಾನಿಯಿಂದ ಮಧ್ಯಾಹ್ನದತನಕ ಹಿಂಗೇ. ಮೇಮ್‌ಸಾಬರ ಮುಖ ಸಣ್ಣಗಾಯಿತು. ತಂಗಿಯ ಕಾಗದ ಬಂದಿತ್ತಂತ, ಅಪ್ಪ ಇನ್ನ ಬಹಳ ದಿನ ಇರಲಿಕ್ಕಿಲ್ಲ ಅಂತ.

ಅಷ್ಟರಾಗ ತೊಳಿಯೋದು ಮುಗಿದು ಮಷಿನ್ನು ಸುರುವಾಯಿತು. ದೂರದಿಂದ ‘ಊಂ’ ಅಂತ ದಪ್ಪನೆಯ ಸದ್ದು ನೆಲದಾಗಿಂದ ಎದ್ದು ಅಂಗಾಲಿಗೆ ಬಂತು. ಬುವಾ ಮೆಲ್ಲಗೆ ಬಾಯಿ ತೆಗೆದರು, ಅವರ ಹಿಂದ ನಾವು. ನಲವತ್ತು ದನಿ ಒಂದೇ ಎಳೆಯಾಗಿ ಬಂದವು.

ವರ್ಷಗಟ್ಟಲೆ ಆ ಮಷಿನ್ನಿನ ಬಾಜೂಕ ನಿಂತು ನಿಂತು, ನಮ್ಮ ಮೈಯಾಗೆಲ್ಲ ಅದರ ಶ್ರುತಿಯೇ ಕೂತುಬಿಟ್ಟಿತ್ತು. ಹೆಣ್ಣುಮಕ್ಕಳು ಬೀಸೋದೂ ಅದೇ ಸದ್ದಿನ ಮೇಲೆ. ಸಾಹೇಬರು ಪೆಟ್ಟಿಗಿಯ ಗುಂಡಿ ಒತ್ತಿದರು. ಒಂದೇ ಸಲಕ್ಕ ಎಪ್ಪತ್ತೂ ಪುಟ ಹರಿದು ಸಮುದ್ರ ಸೇರಿತು.

ಬುವಾ ಹಣಿಯ ಬೆವರು ಒರಸಿಕೊಂಡು ಹೇಳಿದರು: “ದೊಡ್ಡ ದೊಡ್ಡ ಗವಾಯಿಗಳಿಗೆ ತಂಬೂರಿ ಮೀಟಾಕ ಹಿಂದ ಒಬ್ಬ ಶಿಷ್ಯಾ ಕೂಡತಾನ. ನಮ್ಮ ತಂಬೂರಿ ಮೀಟಾಕ ಮೂರು ಪಾಳಿಯ ಮಂದಿ ಬೇಕು!”

೬. ನಲವತ್ತೊಂದನೇ ಪುಟ

ಟೇಪಿನ ಸುರುಳಿಯನ್ನ ಡಬ್ಬಿಯಾಗಿಟ್ಟು ವಿಲಾಯತಿಗೆ ಕಳಿಸಿದರು. ಅಲ್ಲಿಂದ ಮುಂದೆ ನಮಗೆ ಒಂದೇ ಧ್ಯಾಸ. ಮುದುಕರು ಇರತಾರೋ ಇಲ್ಲೋ, ಕೇಳತಾರೋ ಇಲ್ಲೋ. ಅವರ ಮುಖ ಕಂಡವರಲ್ಲ, ಹೆಸರು ನಾಲಿಗೆಗೆ ಬರೋದಿಲ್ಲ. ಆದರೂ ಬುವಾ ಏಕಾದಶಿಯ ಉಪವಾಸದ ಜೋಡಿ ಅವರ ಸಲುವಾಗಿ ಒಂದು ಸೇರಿಸಿಕೊಂಡರು. ಪೋಸ್ಟ್‌ಮನ್ ನಮ್ಮ ಚಾಳಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗಾಕ ಹತ್ತಿದ, ಅಷ್ಟು ಕಾಡಿದೆವು.

ಒಂದೂವರೆ ತಿಂಗಳಿಗೆ ಮೇಮ್‌ಸಾಬರು ಕೈಯಾಗ ಕಾಗದ ಹಿಡಕೊಂಡು ಮಾರುತಿ ಗುಡಿಗೆ ಬಂದರು. ಕಣ್ಣು ಕೆಂಪಾಗಿದ್ದವು. ಬುವಾ ರುಮಾಲು ತೆಗೆದರು. ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಹಚ್ಚಿದರು. ಮಾಸ್ತರು ಕಾಗದ ಇಸಕೊಂಡು ಓದಿದರು, ನಿಂತರು, ಮತ್ತೆ ಓದಿದರು.

“ಹೋದ್ರೇನ್ರಿ?” ಅಂದೆ.

“ಇಲ್ಲೋ. ಬೈದಾರ.”

ಕಾಗದ ಮುದುಕರೇ ಬರೆದದ್ದು. ಕಣ್ಣಿಲ್ಲದ ಕೈ, ಸಾಲಿನ ಮೇಲೆ ಸಾಲು ಹತ್ತಿದ್ದವು. ಮೊದಲ ಪುಟದಾಗ ಹೊಗಳಿಕಿ. ಬೀಸೂಕಲ್ಲಿನ ಸದ್ದು ಕೇಳಿ, ತಮ್ಮ ಹೊಳಿಗೆ ಕಡೀಕ ದಂಡೆ ಸಿಕ್ಕಿತು ಅಂದಿದ್ದರಂತ. ಉಳಿದ ಎಂಟು ಪುಟ ಬೈಗಳ. ಯಾಕಂದರೆ, ನಲವತ್ತೊಂದನೇ ಪುಟದಾಗ ಹೊಳಿ ಕೊಳ್ಳಕ್ಕ ಧುಮುಕಿದ ಮೇಲೆ ಎಲ್ಲಾರೂ ಎಂಟು ಎಣಿಸೋತನಕ ಸುಮ್ಮನಿರಬೇಕು. ಒಂದು ದನಿಯೂ ಇರಬಾರದು. ಮಾಸ್ತರು ಓದಿದರು:

“‘ಆ ಎಂಟು ಎಣಿಕಿಯ ಮೌನಕ್ಕ ನಾನು ಎರಡು ವರ್ಷ ಒದ್ದಾಡೇನಿ. ಅದನ್ನ ಒಂದು ನಾಕು ಕಾಲಿನ ಕತ್ತಿ ‘ಆ’ ಅಂತ ಒದರಿ ತುಂಬೇತಿ. ಯಾರು ಆ ಕತ್ತಿ?’”

ಮೂವತ್ತೊಂಬತ್ತು ಮಂದಿ ತಿರುಗಿ ನನ್ನನ್ನ ನೋಡಿದರು.

ನಾನೇನು ಮಾಡಲಿ? ಊರಾಗಿದ್ದಾಗಿನಿಂದ ಭಜನಿಯಾಗ ನನ್ನ ಕೆಲಸ ಅದೇ. ಉಳಿದವರು ಉಸಿರು ತಗೊಳ್ಳುವಾಗ ಹಾಡು ಕೆಳಗ ಬೀಳದಂಗ ಒಬ್ಬ ದನಿ ಹಿಡಕೊಂಡು ನಿಲ್ಲಬೇಕು. ತಾಲೀಮಿನಾಗ ಆ ಪುಟ ಬರೋ ಹೊತ್ತಿಗೆ ನಾನು ಬೀಡಿ ಸೇದಾಕ ಹೊರಗ ಹೋಗಿರತಿದ್ದೆ, ಟೇಪಿನ ದಿನ ಮಾತ್ರ ಒಳಗಿದ್ದೆ. ಅಲ್ಲಿ ಎಲ್ಲಾರೂ ಒಮ್ಮೆಗೇ ಸುಮ್ಮನಾದರು. ಪಾಪ, ಮರೆತಾರ ಅಂತ ನಾನು ಹಿಡಕೊಂಡೆ.

“ತಪ್ಪಾತ್ರಿ,” ಅಂತ ಮೇಮ್‌ಸಾಬರ ಕಾಲಿಗೆ ಬಿದ್ದೆ. ಅವರು ನನ್ನನ್ನ ಎಬ್ಬಿಸಿದರು. ಅಳಾಕ ಹತ್ತಿದ್ದರು, ನಗಾಕ ಹತ್ತಿದ್ದರು. ಕಾಗದದ ಜೋಡಿ ತಂಗಿಯದೊಂದು ಚೀಟಿ ಇತ್ತು. ಮಾಸ್ತರು ಅದನ್ನೂ ಓದಿದರು: “‘ಅಪ್ಪ ನಲವತ್ತನೇ ಪುಟದತನಕ ಕಣ್ಣು ಮುಚ್ಚಿ ಕೇಳಿದರು, ಪ್ರಾಣ ಹೋಗೇಬಿಡತೈತಿ ಅಂತ ನಾನು ಕೈ ಹಿಡಕೊಂಡು ಕೂತಿದ್ದೆ. ನಲವತ್ತೊಂದಕ್ಕ ಸಿಟ್ಟಿನಿಂದ ಎದ್ದು ಕೂತರು. ಪೆನ್ನು ತಾ ಅಂತ ಕೋಲಿನಿಂದ ನೆಲಾ ಬಡಿದರು. ಬೈಗಳ ಬರೆದು ಹಸಿವಾಗಿ ಎರಡು ಬಟ್ಟಲು ಸಾರು ಕುಡಿದರು.’”

ಮೇಮ್‌ಸಾಬರು ಇನ್ನೊಮ್ಮೆ ಸರಿಯಾಗಿ ಹಾಡಿ ಕಳಿಸೂಣು ಅಂದರು. ತಾಲೀಮು ಸುರುವಾಯಿತು. ಬುವಾ ನನ್ನನ್ನ ಗುಡಿಯ ಹಿಂದ ಕರಕೊಂಡು ಹೋದರು.

“ಕೇಳಿಲ್ಲಿ. ಮುದುಕರು ತಮ್ಮ ಹಾಡು ಸರಿಯಾಗಿ ಕೇಳಿದ್ರ ಸಮಾಧಾನ ಆಗತೈತಿ. ಸಮಾಧಾನ ಆದ್ರ ಹೋಗಿಬಿಡ್ತಾರ. ಅವರ ಜೀವ ಈಗ ಆ ಎಂಟು ಎಣಿಕಿಯಾಗೈತಿ. ತಿಳೀತಿಲ್ಲೋ?”

“ತಿಳೀತ್ರಿ ಬುವಾ. ಪೂರಾ ಹಿಡೀಲ್ಯೋ, ಅರ್ಧಾ ಹಿಡೀಲ್ಯೋ?”

“ಈ ಸಲ ಅರ್ಧಾ. ಕತ್ತಿ ಸುಧಾರಸಾಕತ್ತೇತಿ ಅನ್ನೋ ಆಸೆ ಅವರಿಗಿರ್ಲಿ.”

ಎರಡನೇ ಸುರುಳಿಗೆ ಆರು ಪುಟ ಬೈಗಳ ಬಂತು. ಮುದುಕರು ಕೋಲು ಹಿಡಕೊಂಡು ತೋಟದತನಕ ಅಡ್ಡಾಡತಾರಂತ. ಮೂರನೇ ಸಲ ನಾನು ಐದನೇ ಎಣಿಕಿತನಕ ಸುಮ್ಮನಿದ್ದು ಆರಕ್ಕ ಹಿಡಕೊಂಡೆ. ಅದಕ್ಕ ಹತ್ತು ಪುಟ ಬಂತು! ಅಷ್ಟೇ ಅಲ್ಲ, ಸುಮ್ಮನಿರೋದು ಅಂದರೆ ಹೆಂಗ ಅಂತ ಆ ದಾಂಡೇಲಿ ಕತ್ತಿಗೆ ತೋರಸೇ ತೋರಸತೇನಿ ಅಂತ, ಮುದುಕರು ತಮ್ಮೂರಿನ ಗುಡಿಗೆ ಹೋಗಿ ಅಲ್ಲಿನ ಮಂದಿಯನ್ನ ಕೂಡಿಸಿ ತಾಲೀಮು ಸುರು ಮಾಡಿದರು. ಹಳೇದು, ಯಾರು ಹಾಡತಾರ ಅಂದವರೇ ಬಂದು ನಿಂತು ಹಾಡಿದರಂತ. ಹಿಂಗ ಆ ಹಾಡು ಅವರ ದೇಶದಾಗ ಮತ್ತೆ ಎದ್ದು ನಿಂತದ್ದು ನನ್ನಿಂದ. ಇದನ್ನ ಯಾವ ಪುಸ್ತಕದಾಗೂ ಬರೆದಿರಲಿಕ್ಕಿಲ್ಲ, ಅದಕ್ಕ ನಾನು ಹೇಳಬೇಕಾಗೈತಿ.

ಎರಡು ವರ್ಷ ನಡೀತು ಇದು. ಮೇಮ್‌ಸಾಬರಿಗೆ ನಮ್ಮ ಸಂಚು ಗೊತ್ತಿತ್ತೋ ಇಲ್ಲೋ, ನಾನು ಕೇಳಲಿಲ್ಲ. ಆದರೆ ನಲವತ್ತೊಂದನೇ ಪುಟ ಬಂದಾಗ ಅವರು ನನ್ನ ಕಡೆ ನೋಡದೆ ಕಿಡಕಿಯ ಕಡೆ ನೋಡಿಕೊಂತ ನಿಲ್ಲತಿದ್ದರು.

ಮುಂದ ಸಾಹೇಬರ ಕೆಲಸ ಮುಗಿದು ಹೊರಡೋ ದಿನ ಬಂತು. ಕಡೇ ಸುರುಳಿಯನ್ನ ಮೇಮ್‌ಸಾಬರೇ ಕೈಯಾಗ ಒಯ್ಯೋರಿದ್ದರು. ನಾನು ವಿಚಾರ ಮಾಡಿದೆ. ತೊಂಬತ್ತರ ಮನುಷ್ಯಾ, ಅಷ್ಟು ಪ್ರೀತಿಯಿಂದ ಕಟ್ಟಿದ ಮೌನ, ಒಮ್ಮೆಯಾದರೂ ಅದನ್ನ ನಮ್ಮ ಬಾಯಿಂದ ಅವರಿಗೆ ಕೊಡಬೇಕು. ಬುವಾಗೂ ಹೇಳಲಿಲ್ಲ. ನಲವತ್ತೊಂದನೇ ಪುಟ ಬಂತು. ನಾನು ಟಾವೆಲ್ ಬಾಯಿಗೆ ತುರುಕಿಕೊಂಡೆ. ಒಂದು, ಎರಡು, ಮೂರು... ಐದಕ್ಕ ಕಣ್ಣಾಗ ನೀರು. ಆರಕ್ಕ ಕಿವಿಯಾಗ ಗುಂಯ್. ಏಳಕ್ಕ ಗಿರಣಿಯ ಮಾಲಕ ನನ್ನ ಬೆನ್ನಿಗೆ ಕೈ ಕೊಟ್ಟ, ಬಿದ್ದುಗಿದ್ದೇನು ಅಂತ. ಎಂಟು! ಆ ಮೌನ ಎಂಥಾದ್ದಿತ್ತು ಅಂದರೆ, ನಲವತ್ತು ಮಂದಿಯ ಎದೆ ಬಡಿಯೋದು ಮಷಿನ್ನಿನ ಸದ್ದಿನ ಮೇಲೂ ಕೇಳಿಸಿತು. ಅವತ್ತು ನನಗ ತಿಳೀತು, ಎರಡು ವರ್ಷ ಮುದುಕರು ಯಾತಕ್ಕ ಬೈದರು ಅಂತ.

ಮೇಮ್‌ಸಾಬರು ಹೋದರು. ನಾನು ಅಂಜಿಕೊಂಡೇ ಇದ್ದೆ. ಬುವಾ ನನ್ನ ಜೋಡಿ ಮಾತು ಬಿಟ್ಟರು. “ಒಬ್ಬ ದೊಡ್ಡ ಮನುಷ್ಯಾನ್ನ ಕೊಂದ್ಯೋ ನೀನು, ಸುಮ್ಮನಿದ್ದು ಕೊಂದಿ,” ಅಂದರು.

ಎರಡು ತಿಂಗಳ ಮೇಲೆ ನನಗೊಂದು ಕಾಗದ ಬಂತು. ನನ್ನ ಆಯುಷ್ಯದಾಗ ನನಗಂತ ಬಂದ ಮೊದಲನೇ ಕಾಗದ. ಮೇಲೆ ಹೆಸರಿಲ್ಲ. ‘ನಲವತ್ತೊಂದನೇ ಪುಟದ ಮನುಷ್ಯಾ, ಕಾಗದದ ಮಿಲ್ಲು, ದಾಂಡೇಲಿ’ ಅಂತಷ್ಟೇ ಇತ್ತು. ಪೋಸ್ಟ್‌ಮನ್ ಯಾರನ್ನೂ ಕೇಳದೆ ನೆಟ್ಟಗ ನನ್ನ ಕೈಗೆ ತಂದುಕೊಟ್ಟ. ಮಾಸ್ತರರನ್ನ, ಬುವಾನ್ನ ಕೂಡಿಸಿಕೊಂಡು ಒಡೆಸಿದೆ. ಸಾಲಿನ ಮೇಲೆ ಸಾಲು ಹತ್ತಿದ ಅದೇ ಅಕ್ಷರ. ಮಾಸ್ತರು ಓದಿದರು:

“‘ಈ ಸಲ ನಲವತ್ತೊಂದನೇ ಪುಟ ಖಾಲಿ ಬಂತು. ನಾಲ್ಕು ಸಲ ತಿರುಗಿಸಿ ಕೇಳಿದೆ. ನಿದ್ದಿ ಹತ್ತವೊಲ್ಲದು. ಕತ್ತಿಗೆ ಏನಾಗೈತಿ? ಜ್ವರಾ ಬಂದಾವೇನು? ಡಾಕ್ಟರಿಗೆ ತೋರಸ್ರಿ. ತಡಾ ಮಾಡಬ್ಯಾಡ್ರಿ.’”

ಬುವಾ ಎದ್ದು ಬಂದು ನನ್ನನ್ನ ಅಪ್ಪಿಕೊಂಡರು. ನಾನು ಮಾಸ್ತರರ ಮುಂದ ಕಾಗದ, ಮಸಿ ತಂದಿಟ್ಟು ಜವಾಬು ಬರೆಸಿದೆ. ಒಂದೇ ಸಾಲು:

“ಕತ್ತಿ ಆರಾಮ ಐತ್ರಿ ಸಾಹೇಬರ. ನಿಮ್ಮ ಸಿಟ್ಟು ಹೆಂಗೈತಿ?”